ಕಿಟಕಿಯ ಕಟ್ಟೆ

ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿದವನು ನಾನು. ಇಟ್ಟಿಗೆ, ಗಾರೆ, ಕಲ್ಲುಗಳ ವಿಷಯವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೂ ಕಲಬುರಗಿಯ ನಮ್ಮ ಮನೆಯಲ್ಲಿ ಕಿಟಕಿಗೆ ಹೊಂದಿಸಿ ಒಂದು ಕಟ್ಟೆಯನ್ನು ಕಟ್ಟಿಸಿದ್ದೇನೆ. ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ. ಆ ಎರಡರ ನಡುವೆ ಕಲಿತದ್ದನ್ನು ತಮ್ಮ ಮುಂದಿಡಬಹುದೆನಿಸುತ್ತದೆ.

ಕಮಲಾಪುರ ಹುಮನಾಬಾದಿನ ದಾರಿಯಲ್ಲಿದೆ. ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿನ ನಮ್ಮ ಹಿರಿಯರ ಮನೆ ಕಲ್ಲು-ಮಣ್ಣಿನದು. ಮೇಲೆ ಮಣ್ಣಿನ ಮಾಳಿಗೆ. ಗೋಡೆಗಳು ಎರಡಡಿಗೂ ಮಿಗಿಲಾದ ದಪ್ಪ. ಅವು ಮಾಳಿಗೆಯ ಭಾರವನ್ನು ಹೊರಬೇಕು, ಬಿಸಿಲನ್ನೂ ತಡೆಯಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಕಡೆಯ ಬೇಸಿಗೆಯಲ್ಲಿ ಹಗಲಿನ ಕಾವು ಅಂಥ ಗೋಡೆಯನ್ನು ಹಾಯ್ದು ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗಿರುತ್ತಿದ್ದೆವು. ಇಷ್ಟು ದಪ್ಪದ ಗೋಡೆಯಲ್ಲಿ ಕಿಟಕಿಯನ್ನು ಹೊರಮೈಗೆ ಕೂಡಿಸಿದರೆ ಒಳಗಡೆ ಒಂದು ಆಸನ ತಾನಾಗಿ ಉಳಿಯುತ್ತದೆ. ಅದನ್ನು ಯಾರೂ ಕಟ್ಟಿದ್ದಲ್ಲ, ಗೋಡೆ ಬಿಟ್ಟುಕೊಟ್ಟದ್ದು. ನಮ್ಮ ಅಕ್ಕ ಅಲ್ಲಿ ಕುಳಿತು ಕಾಳು ಆರಿಸಿದಳು, ಕೌದಿ ಹೊಲಿದಳು, ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತನಾಡಿಸಿದಳು.

2020ರ ಅಕ್ಟೋಬರ್ ಮಳೆಗೆ ಆ ಮಾಳಿಗೆ ಕುಸಿಯಿತು. ಅಕ್ಕನನ್ನು ಕಲಬುರಗಿಗೆ ಕರೆತಂದೆ. ಇಲ್ಲಿನ ಗೋಡೆ ಒಂಬತ್ತು ಇಂಚಿನದು; ಕಿಟಕಿ ನೆಲದಿಂದ ಮೂರಡಿ ಮೇಲೆ. ಆಕೆ ಮಂಚದ ತುದಿಯಲ್ಲಿ ಗೋಡೆಗೆ ಮುಖಮಾಡಿ ಕೂಡುವಳು. ಎಂಟು ದಿನಕ್ಕೊಮ್ಮೆ "ಊರಿಗಿ ಹೋಗ್ತೀನಿ" ಎನ್ನುವಳು. ಕುಸಿದ ಮನೆಗೆ ಹೇಗೆ ಕಳಿಸಲಿ? ಆಗ ಹೊಳೆದದ್ದು ಈ ಕಟ್ಟೆ.

ಉತ್ತರದ ಕಿಟಕಿಯನ್ನು ಆರಿಸಿದೆ. ಪಡುವಣ ಕಿಟಕಿ ಬೇಸಿಗೆಯ ಇಳಿಹೊತ್ತಿನಲ್ಲಿ ಒಲೆಯ ಬಾಯಿಯೇ ಸರಿ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮೂರಲ್ಲಿ ನಡುಹಗಲ ಸೂರ್ಯ ತುಸು ಉತ್ತರಕ್ಕೇ ವಾಲಿರುತ್ತಾನೆ; ಅದಕ್ಕೆ ಕಿಟಕಿಯ ಮೇಲಿನ ಸಣ್ಣ ಛಜ್ಜಾ ಸಾಕು. ಇಟ್ಟಿಗೆಯ ಮೂರು ಮೋಟುಗೋಡೆ, ಅವುಗಳ ಮೇಲೆ ಶಹಾಬಾದಿನ ಫರಸಿ: ಇಷ್ಟೇ ಕಟ್ಟಡ. ಪದರು ಪದರಾಗಿ ಏಳುವ ಈ ಸುಣ್ಣಕಲ್ಲು ಮುಟ್ಟಿದರೆ ತಂಪು. ಆದರೆ ಬಾಗುವ ಗುಣ ಅದಕ್ಕಿಲ್ಲ. ಒಂದೂವರೆ ಇಂಚಿನ ಫರಸಿಗೆ ಎರಡೂವರೆ ಅಡಿಯೊಳಗೆ ಆಧಾರ ಸಿಗದಿದ್ದರೆ ಒಂದು ದಿನ ಮುರಿದೀತು. ಇನ್ನೊಂದು ಎಚ್ಚರಿಕೆ: ಕಟ್ಟೆಯನ್ನು ಮನೆಯ ಗೋಡೆಗೆ ಕಚ್ಚಿಸಬಾರದು. ನಮ್ಮದು ಎರೆಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆಳದ ಬುನಾದಿಯ ಗೋಡೆ ಒಂದು ಬಗೆಯಾಗಿ, ನೆಲದ ಮೇಲಿನ ಕಟ್ಟೆ ಇನ್ನೊಂದು ಬಗೆಯಾಗಿ ಅಲುಗುತ್ತವೆ. ನಡುವೆ ಅರ್ಧ ಇಂಚು ಬಿಟ್ಟು ಮರದ ಪಟ್ಟಿಯಿಂದ ಮುಚ್ಚಿದರಾಯಿತು.

ಇದೆಲ್ಲ ಮೊದಲ ಸಲವೇ ಸರಿಯಾಗಿತ್ತು. ತಪ್ಪಿದ್ದು ಅಳತೆ. ನಾನು ಕುರ್ಚಿಯ ಲೆಕ್ಕ ಹಿಡಿದು ಎತ್ತರ ಹದಿನೇಳು ಇಂಚು, ಅಗಲ ಹದಿನೆಂಟು ಎಂದು ಬರೆದುಕೊಟ್ಟೆ. ದಾರ ಹಿಡಿಯುವಾಗ ಗೌಂಡಿ ಕೇಳಿದ್ದ: "ಸರ, ಕುಂದ್ರಾವ್ರು ಯಾರ್ರಿ?" ಯಾರಾದರೇನು, ನೀನು ಕಟ್ಟಪ್ಪ ಎಂದೆ. ಮೇಷ್ಟರ ದರ್ಪ ಅಷ್ಟು ಬೇಗ ಹೋಗುವುದಿಲ್ಲ.

ಗಾರೆ ಆರಿದ ಮೇಲೆ ಅಕ್ಕ ಕುಳಿತಳು. "ತಮ್ಮಾ, ಕಾಲು ನೆಲಕ್ಕ ಹತ್ತವಲ್ಲವು. ಮ್ಯಾಲ ಮಡಚಿಕೊಂಡ್ರ ಮೊಣಕಾಲು ಹೊರಗ ಬರ್ತಾವ. ಬೀದಿ ಅಂತೂ ಕಾಣವಲ್ದು."

ಮೂರು ಮಾತು, ಮೂರು ತಪ್ಪು. ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದು ಹೆಸರು, ಗೋವಿನ ಕಣ್ಣು ಎಂದರ್ಥ. ಇಂಗ್ಲಿಷಿನ ವಿಂಡೋ ಶಬ್ದ ಹಳೆಯ ನಾರ್ಸ್ ಭಾಷೆಯಲ್ಲಿ 'ಗಾಳಿಯ ಕಣ್ಣು'. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ ನನಗೆ, ಕುಳಿತವರ ಕಣ್ಣು ಆ ಕಣ್ಣಿನ ಮಟ್ಟಕ್ಕೆ ಬರಬೇಕೆಂಬುದು ಹೊಳೆದಿರಲಿಲ್ಲ. ಕಿಟಕಿಯ ಕೆಳಅಂಚು ಅಕ್ಕನ ಹೆಗಲಿಗೆ ಬರುತ್ತಿತ್ತು. ಕುರ್ಚಿಯ ಅಳತೆ ಕಾಲು ಇಳಿಬಿಡುವವರದು. ನಮ್ಮ ಹೆಂಗಸರು ಕಟ್ಟೆಯ ಮೇಲೆ ಕಾಲು ಮಡಚಿ ಕೂಡುವವರು. ಅದಕ್ಕೆ ಎರಡಡಿ ಬೇಕು. ಕಮಲಾಪುರದ ಗೋಡೆಯ ದಪ್ಪ ಅಷ್ಟೇ ಅಲ್ಲವೆ!

ಫರಸಿ ಎಬ್ಬಿಸಿ ಮತ್ತೆ ಕಟ್ಟಿಸಿದೆ. ಮೋಟುಗೋಡೆಗಳ ಮೇಲೆ ಎರಡು ವರಸೆ ಇಟ್ಟಿಗೆ ಏರಿತು, ಅಂದರೆ ಏಳು ಇಂಚು, ಎತ್ತರ ಇಪ್ಪತ್ತನಾಲ್ಕಾಯಿತು. ಅಗಲ ಇಪ್ಪತ್ತಾರು. ಈಗ ಕಿಟಕಿಯ ಅಂಚು ಕೂತವರಿಗಿಂತ ಒಂದೇ ಅಡಿ ಮೇಲಿದ್ದು ಮೊಣಕೈಗೆ ಆಸರೆಯಾಗುತ್ತದೆ. ಅಕ್ಕನ ಮೊಣಕಾಲಿನಿಂದ ಅಂಗಾಲಿಗೆ ಹದಿನೈದು ಇಂಚು. ಆದ್ದರಿಂದ ಮುಂದೆ ಒಂಬತ್ತು ಇಂಚಿನ ಪಾವಟಿಗೆ. ಮೊದಲಿನ ಫರಸಿಯನ್ನೇ ಅದಕ್ಕೆ ಹಾಕಿದೆವು. ಏರುವುದಕ್ಕೂ ಅದೇ, ನೋವು ಬಂದ ಮೊಣಕಾಲನ್ನು ಇಳಿಬಿಡುವುದಕ್ಕೂ ಅದೇ. ಎತ್ತರದ ಕಟ್ಟೆಯೆಂದ ಮೇಲೆ ಕಿಟಕಿಗೆ ಗಟ್ಟಿಯಾದ ಸರಳುಗಳಿರಬೇಕು. ಮಕ್ಕಳಿರುವ ಮನೆಗಳಲ್ಲಿ ಇದನ್ನು ಮರೆಯಬಾರದು.

ಗೌಂಡಿ ಎರಡನೆಯ ಸಲದ ಕೂಲಿ ಎಣಿಸಿಕೊಳ್ಳುವಾಗ ಏನೂ ಹೇಳಲಿಲ್ಲ. ಅವನ ಸೌಜನ್ಯ.

ಅಕ್ಕ ಕೌದಿ ಹಾಸಿ ಕುಳಿತಳು. ಇಲ್ಲಿ ಬರೀ ಮೋಟಾರು ಗಾಡಿಗಳೇ, ಮಂದಿಯೇ ಇಲ್ಲ ಎಂಬ ದೂರು ಮೊದಲ ದಿನ ಬಂತು. ವಾರದೊಳಗೆ ತಳ್ಳುಗಾಡಿಯ ಕಾಯಿಪಲ್ಲೆಯವಳು ಕಿಟಕಿಯ ಕೆಳಗೆ ನಿಲ್ಲುವುದನ್ನು ಕಲಿತಳು. ಊರಿಗೆ ಹೋಗುವ ಮಾತು ಈಗಲೂ ಇದೆ. ಎಂಟು ದಿನಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಗಿದೆ.