ಅಮೆರಿಕದಲ್ಲಿ ನಡುಗಾತ್ರದ ಕಟ್ಟಡಗಳು ಎಲ್ಲಿ ಹೋದವು?

ಅಮೆರಿಕಕ್ಕೆ ಆನ್‌ಸೈಟ್ ಹೋಗಿ ಬಂದವರ ಫೋಟೊಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಟ್ಟಡಗಳಿರುತ್ತವೆ. ಒಂದೋ ಮುಗಿಲೆತ್ತರದ ಗಾಜಿನ ಗೋಪುರ, ಇಲ್ಲವೇ ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಎರಡು ಕಾರಿನ ಗ್ಯಾರೇಜು ಇರುವ ಒಂಟಿ ಮನೆ. ಪುಣೆಯ ನನ್ನ ಆಫೀಸಿನಿಂದ ಎಂಟು ತಿಂಗಳ ಮಟ್ಟಿಗೆ ಚಿಕಾಗೊಗೆ ಹೋಗಿದ್ದಾಗ ನಾನಿದ್ದದ್ದು ಈ ಎರಡರಲ್ಲೂ ಅಲ್ಲ. ಅದು ಇಟ್ಟಿಗೆಯ ಮೂರಂತಸ್ತಿನ ಕಟ್ಟಡ, ಅಂತಸ್ತಿಗೊಂದು ಮನೆ. ಅಲ್ಲಿನವರು ‘ತ್ರೀ ಫ್ಲಾಟ್’ ಎನ್ನುತ್ತಾರೆ. ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ. ಚಿಕಾಗೊದ ಮಾಮೂಲಿ ಸೈಟು 25 ಅಡಿ ಅಗಲ, 125 ಅಡಿ ಉದ್ದ. ಬೆಂಗಳೂರಿನ 30-40 ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಬಾಡಿಗೆಯವರು ಇರುವ ಲೆಕ್ಕಾಚಾರವೇ ಇಲ್ಲಿಯೂ. ಮೇಲಿನ ಬಾಡಿಗೆಯಲ್ಲಿ ಬ್ಯಾಂಕಿನ ಕಂತು ಹೋಗುತ್ತದೆ.

ಬಾಸ್ಟನ್‌ನಲ್ಲಿ ಇದರ ಮರದ ರೂಪವಿದೆ, ‘ಟ್ರಿಪಲ್ ಡೆಕ್ಕರ್’. ಹತ್ತೊಂಬತ್ತನೇ ಶತಮಾನದ ಕೊನೆಯಿಂದ 1920ರ ದಶಕದವರೆಗೆ ಇವು ಸಾವಿರಗಟ್ಟಲೆ ಎದ್ದವು. ಯುರೋಪಿನಿಂದ ಬರಿಗೈಲಿ ಬಂದ ಕಾರ್ಮಿಕರಲ್ಲಿ ಅನೇಕರು ಸ್ವಂತ ಮನೆ ಕಂಡದ್ದು ಹೀಗೆಯೇ.

ಹಾಗಾದರೆ ದೇಶದ ತುಂಬ ಇಂಥವೇ ಇರಬೇಕಲ್ಲ? ಇಲ್ಲ. ಅಮೆರಿಕದ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಹತ್ತರಲ್ಲಿ ಸುಮಾರು ಆರು ಮನೆಗಳು ಒಂಟಿ ಮನೆಗಳು. 5ರಿಂದ 19 ಮನೆಗಳಿರುವ ಕಟ್ಟಡಗಳ ಪಾಲು ನೂರಕ್ಕೆ ಒಂಬತ್ತರ ಆಸುಪಾಸು. ನ್ಯೂಯಾರ್ಕ್, ಬಾಸ್ಟನ್, ಚಿಕಾಗೊದಂಥ ಹಳೆ ನಗರಗಳಲ್ಲಿ ಕಣ್ಣಿಗೆ ಬೀಳುತ್ತವೆ ನಿಜ. ಕಾರು ಬಂದ ಮೇಲೆ ಬೆಳೆದ ಊರುಗಳಲ್ಲಿ ಹುಡುಕಬೇಕು. ಬರ್ಕ್‌ಲಿಯ ವಾಸ್ತುಶಿಲ್ಪಿ ಡೇನಿಯಲ್ ಪ್ಯಾರೊಲೆಕ್ 2010ರಲ್ಲಿ ಈ ಕೊರತೆಗೆ ‘ಮಿಸ್ಸಿಂಗ್ ಮಿಡಲ್’ ಎಂಬ ಹೆಸರು ಕೊಟ್ಟರು. ಕಾಣೆಯಾದ ನಡುವಿನವು.

ಅಮೆರಿಕನ್ನರಿಗೆ ಒಂಟಿ ಮನೆಯೇ ಇಷ್ಟ, ಅದಕ್ಕೇ ಹೀಗೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಇಷ್ಟವೂ ಇರಬಹುದು. ಆದರೆ ಇಷ್ಟಕ್ಕಿಂತ ಮೊದಲು ಕಾನೂನಿತ್ತು. ಅದೇ ಬರ್ಕ್‌ಲಿ ನಗರ 1916ರಲ್ಲಿ ಕೆಲವು ಬಡಾವಣೆಗಳಲ್ಲಿ ಒಂಟಿ ಮನೆ ಬಿಟ್ಟು ಬೇರೇನೂ ಕಟ್ಟಬಾರದೆಂದಿತು. ಬಣ್ಣ ನೋಡಿ ಬಡಾವಣೆ ಬೇರ್ಪಡಿಸುವ ಲೂಯಿವಿಲ್ ನಗರದ ಕಾನೂನನ್ನು ಸುಪ್ರೀಂ ಕೋರ್ಟ್ 1917ರಲ್ಲಿ ರದ್ದು ಮಾಡಿತು. ಚರ್ಮದ ಬಣ್ಣ ನೋಡಿ ತಡೆಯಲಾಗದಿದ್ದರೇನು, ಕಟ್ಟಡದ ಗಾತ್ರ ನೋಡಿ ತಡೆಯಬಹುದಿತ್ತು. ಒಹಾಯೊದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ 1926ರಲ್ಲಿ ಅದೇ ಕೋರ್ಟು ಇಂಥ ವಲಯ ವಿಂಗಡಣೆಯನ್ನು ಎತ್ತಿಹಿಡಿಯಿತು. ಒಂಟಿ ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರಾವಲಂಬಿ ಜೀವಿಗೆ ಹೋಲಿಸಿತ್ತು. ನಮ್ಮಲ್ಲಿ ಬ್ಯಾಚುಲರ್‌ಗಳಿಗೆ ಮನೆ ಕೊಡದ ಓನರ್‌ಗಳೂ ಇಷ್ಟು ಕಟುವಾಗಿ ಹೇಳುವುದಿಲ್ಲ.

ಎಂಜಿನಿಯರ್ ಆದ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೆಟ್ಟಿಲಿನ ನಿಯಮ. ಅಮೆರಿಕದ ಬಹುಪಾಲು ಕಡೆ ಮೂರಂತಸ್ತು ದಾಟಿದ ವಸತಿ ಕಟ್ಟಡಕ್ಕೆ ಎರಡು ಮೆಟ್ಟಿಲು ಕಡ್ಡಾಯ. ಬೆಂಕಿ ಬಿದ್ದರೆ ಓಡಲು ಎರಡು ದಾರಿ ಬೇಕೆಂಬುದು ಉದ್ದೇಶ. ಚಿಕಾಗೊದ ಹಳೆ ಕಟ್ಟಡಗಳ ಹಿಂದೆ ಕಾಣುವ ಮರದ ಮೆಟ್ಟಿಲು-ಜಗಲಿಗಳು ಎರಡನೇ ದಾರಿಯೇ. ಪುಣೆಯ ಹಳೆ ಸೊಸೈಟಿಗಳನ್ನು ನೆನೆಯಿರಿ: ನಡುವೆ ಒಂದು ಮೆಟ್ಟಿಲು, ಸುತ್ತ ನಾಲ್ಕು ಮನೆ, ಪ್ರತಿ ಮನೆಗೂ ಎರಡು ದಿಕ್ಕಿಗೆ ಕಿಟಕಿ. ಎರಡು ಮೆಟ್ಟಿಲು ಬಂದರೆ ಅವನ್ನು ಕೂಡಿಸಲು ಉದ್ದನೆಯ ಕಾರಿಡಾರ್ ಬೇಕು. ಹೋಟೆಲಿನ ಹಾಗೆ ಎರಡೂ ಬದಿಗೆ ಮನೆಗಳು. ಮೂಲೆಯವು ಬಿಟ್ಟು ಉಳಿದವಕ್ಕೆ ಒಂದೇ ದಿಕ್ಕಿನ ಕಿಟಕಿ. ಬೆಡ್‌ರೂಮಿಗೆ ಕಿಟಕಿ ಬೇಕು, ಕಿಟಕಿಗೆ ಹೊರಗೋಡೆ ಬೇಕು. ಹೀಗಾಗಿ ಇಂಥ ಕಟ್ಟಡಗಳಲ್ಲಿ ಸ್ಟುಡಿಯೋ, ಒಂದು ಬೆಡ್‌ರೂಮಿನ ಮನೆಗಳೇ ಹೆಚ್ಚು. ಇಷ್ಟೆಲ್ಲ ಸಣ್ಣ ಸೈಟಿನಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಬಿಲ್ಡರ್ ನಾಲ್ಕಾರು ಸೈಟು ಒಟ್ಟು ಮಾಡಿ, ಕೆಳಗೆ ಕಾಂಕ್ರೀಟ್, ಮೇಲೆ ಐದಂತಸ್ತು ಮರದ ಚೌಕಟ್ಟು ನಿಲ್ಲಿಸಿ ಇಡೀ ಬ್ಲಾಕ್ ತುಂಬುತ್ತಾನೆ. ಎತ್ತರದಲ್ಲಿ ನಡುಗಾತ್ರ, ಹೊಟ್ಟೆ ಮಾತ್ರ ದೊಡ್ಡದು.

ಸಾಲದ ನಿಯಮವೂ ಸೇರಿಕೊಂಡಿತು. ನಾಲ್ಕು ಮನೆಯ ಕಟ್ಟಡದವರೆಗೆ ಸಾಮಾನ್ಯ ಗೃಹಸಾಲ ಸಿಗುತ್ತದೆ. ಐದನೆಯದು ಸೇರಿತೆಂದರೆ ಅದು ವಾಣಿಜ್ಯ ಸಾಲ.

ನಮ್ಮ ಟೀಮಿನ ಧಾರವಾಡದ ಗೆಳೆಯನ ಹೆಂಡತಿಯ ಬಾಣಂತನಕ್ಕೆ ಅವನ ಅಪ್ಪ-ಅಮ್ಮ ಆರು ತಿಂಗಳು ಬರುವವರಿದ್ದರು. ಆಫೀಸಿನ ಹತ್ತಿರ ಮೂರು ಬೆಡ್‌ರೂಮಿನ ಮನೆ ಹುಡುಕಿ ಹುಡುಕಿ ಸೋತ. ಕೊನೆಗೆ ನಲವತ್ತು ಕಿಲೋಮೀಟರ್ ಆಚೆ ಒಂಟಿ ಮನೆ ಹಿಡಿದ. ಬಸ್ಸಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ, ಹಿರಿಯರಿಬ್ಬರಿಗೂ ಕಾರು ಓಡಿಸಲು ಬರದು. ಒಂದು ಭಾನುವಾರ ಊಟಕ್ಕೆ ಹೋಗಿದ್ದೆ. ಅವನ ತಂದೆ ಕಿಟಕಿಯ ಹತ್ತಿರ ಕೂತು, ‘ಮನಿ ಭಾಳ ಛಲೋ ಐತಿ ತಮ್ಮಾ, ಆದ್ರ ಮಾತಾಡ್ಲಿಕ್ಕೆ ಒಂದ್ ನರಪಿಳ್ಳಿ ಇಲ್ಲ ನೋಡು’ ಎಂದರು. ಹಾಲಿನ ಪ್ಯಾಕೆಟ್ಟಿಗೂ ಮಗ ಸಂಜೆ ಬರುವುದನ್ನು ಕಾಯಬೇಕಿತ್ತು. ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ಎಷ್ಟೋ ತಂದೆ-ತಾಯಿಗಳ ಅನುಭವವಿದು. ಇದನ್ನೆಲ್ಲ ‘ಅಮೆರಿಕ ಅಂದ್ರೆ ಹಾಗೇ’ ಎಂದು ಹಣೆಬರಹಕ್ಕೆ ಬಿಡುತ್ತೇವೆ. ನನ್ನ ಪ್ರಕಾರ ಅದರಲ್ಲಿ ಹಣೆಬರಹಕ್ಕಿಂತ ಬೈಲಾದ ಪಾಲೇ ಜಾಸ್ತಿ.

ನಿಯಮಗಳು ಈಗ ಸಡಿಲವಾಗುತ್ತಿವೆ. 2018ರ ಡಿಸೆಂಬರ್‌ನಲ್ಲಿ ಮಿನ್ನಿಯಾಪೊಲಿಸ್ ನಗರಸಭೆ ಒಂಟಿ ಮನೆಯ ಸೈಟುಗಳಲ್ಲಿ ಮೂರು ಮನೆ ಕಟ್ಟಲು ಒಪ್ಪಿತು. 2019ರಲ್ಲಿ ಆರೆಗಾನ್ ರಾಜ್ಯ ದೊಡ್ಡ ಊರುಗಳಿಗೆಲ್ಲ ಅಂಥದೇ ಕಾನೂನು ತಂದಿತು. ಆದರೆ ಮಿನ್ನಿಯಾಪೊಲಿಸ್‌ನಲ್ಲಿ ಮೂರು ಮನೆಯ ಕಟ್ಟಡಗಳು ಎದ್ದದ್ದು ಬೆರಳೆಣಿಕೆಯಷ್ಟೇ. ಮನೆ ಮೂರಾದರೂ ಕಟ್ಟಡದ ಒಟ್ಟು ಗಾತ್ರಕ್ಕೆ ಮೊದಲಿನ ಮಿತಿಯೇ ಇತ್ತು. ಒಂದು ಪರ್ಮಿಷನ್ ಕೊಟ್ಟು ಉಳಿದ ಸೆಟ್ಟಿಂಗ್ ಬದಲಿಸದಿದ್ದರೆ ಸಾಫ್ಟ್‌ವೇರ್ ಕೂಡ ಹೀಗೇ ಮಾಡುತ್ತದೆ. ಅಲ್ಲಿ ಹೊಸ ಮನೆಗಳು ಬಹುಪಾಲು ಬಂದದ್ದು ದೊಡ್ಡ ಕಟ್ಟಡಗಳಲ್ಲಿ. ಸಿಯಾಟಲ್ ನಗರವಂತೂ ಅಂತಸ್ತಿಗೆ ನಾಲ್ಕೇ ಮನೆ, ಸ್ಪ್ರಿಂಕ್ಲರ್ ಮುಂತಾದ ಷರತ್ತು ಹಾಕಿ, ಆರಂತಸ್ತಿನವರೆಗೆ ಒಂದೇ ಮೆಟ್ಟಿಲಿಗೆ ದಶಕಗಳ ಹಿಂದಿನಿಂದಲೇ ಅವಕಾಶ ಕೊಟ್ಟಿದೆ. ಬೇರೆ ರಾಜ್ಯಗಳೂ ಈಗ ಅತ್ತ ನೋಡುತ್ತಿವೆ. ಅಗ್ನಿಶಾಮಕ ಸಿಬ್ಬಂದಿಯ ಸಂಘಟನೆಗಳು ಇದನ್ನು ವಿರೋಧಿಸುತ್ತವೆ. ಹೊಗೆ ತುಂಬಿದ ಮೆಟ್ಟಿಲು ಹತ್ತುವವರ ಆತಂಕವನ್ನು ತಳ್ಳಿಹಾಕುವಂತಿಲ್ಲ.

ಈ ನಡುವೆ ಇದ್ದವೂ ಕರಗುತ್ತಿವೆ. ಚಿಕಾಗೊದಲ್ಲಿ ಬೆಲೆ ಏರಿದ ಬಡಾವಣೆಗಳಲ್ಲಿ ಉಳ್ಳವರು ಟೂ ಫ್ಲಾಟ್, ತ್ರೀ ಫ್ಲಾಟ್ ಕೊಂಡು, ಒಳಗೋಡೆ ಒಡೆದು ಒಂದೇ ದೊಡ್ಡ ಮನೆ ಮಾಡಿಕೊಳ್ಳುತ್ತಾರೆ. 2021ರಲ್ಲಿ ನಗರಸಭೆ ಪಿಲ್ಸನ್ ಮತ್ತು ‘606’ ಎಂಬ ಕಾಲುದಾರಿಯ ಆಸುಪಾಸಿನಲ್ಲಿ ಇದಕ್ಕೆ ಕಡಿವಾಣ ಹಾಕಿತು. ಉಳಿದ ಎಷ್ಟೋ ಬೀದಿಗಳಲ್ಲಿ ಮೂರು ಅಡುಗೆಮನೆಗಳಿದ್ದ ಕಡೆ ಈಗ ಒಂದೇ ಇದೆ. ಹೊರಗಿನ ಇಟ್ಟಿಗೆ ಗೋಡೆ ಹಾಗೇ ನಿಂತಿರುವುದರಿಂದ ಬೀದಿಯಲ್ಲಿ ಹೋಗುವವರಿಗೆ ಅದು ತಿಳಿಯುವುದೂ ಇಲ್ಲ.