ಅಳಿವೆಯಲ್ಲಿ ನಿಂತು ಹೊಳೆಯ ನೀರನ್ನು ನೋಡಿ



ಆದಿ ಉಡುಪಿಯ ಮಾರುಕಟ್ಟೆಗೆ ಫಸಲು ತಂದ ದಿನ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಮಲ್ಪೆಗೆ ಹೋಗಿ, ಅಲ್ಲಿಂದ ಕಡಲ ಬದಿಯ ರಸ್ತೆ ಹಿಡಿದು, ಹೂಡೆ ದಾಟಿ ಉತ್ತರಕ್ಕೆ ಸಾಗಿದರೆ ಕೋಡಿಬೆಂಗ್ರೆ ಸಿಗುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಹೊಳೆ, ನಡುವೆ ಕಿರಿದಾದ ಮರಳು ನೆಲ. ಕಾರ್ಕಳ ತಾಲೂಕಿನಿಂದ ಕಲ್ಯಾಣಪುರದ ಮೇಲೆ ಬರುವ ಸ್ವರ್ಣಾ ನದಿಯೂ, ಆಗುಂಬೆ ಕಡೆಯಿಂದ ಹೆಬ್ರಿ, ಬಾರ್ಕೂರು ಬಳಸಿ ಬರುವ ಸೀತಾ ನದಿಯೂ ಇಲ್ಲಿ ಕೂಡಿ ಕಡಲು ಸೇರುತ್ತವೆ.

ನೋಡಲು ಚೆಂದದ ಜಾಗ, ನಿಜ. ಆದರೆ ಹೊಳೆ ಬದಿಯಲ್ಲಿ ಗದ್ದೆ, ತೋಟ ಇರುವವರು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ನೀರಿನ ಓಟವನ್ನು. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಕಡಲು ಹೊಳೆಯೊಳಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇದರ ಜೋರು ಹೆಚ್ಚು. ಮಳೆಗಾಲದಲ್ಲಿ ಹೊಳೆಯ ರಭಸವೇ ಕಡಲನ್ನು ಹಿಂದಕ್ಕೆ ತಳ್ಳುತ್ತದೆ. ಮಳೆ ನಿಂತು ಹರಿವು ಇಳಿದಂತೆ ಉಪ್ಪು ನೀರು ಮೇಲೇರುತ್ತಾ ಹೋಗುತ್ತದೆ.

ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆದ್ದರಿಂದ ಅದು ಸಿಹಿನೀರಿಗಿಂತ ಭಾರ. ಅದು ಹೊಳೆಯ ತಳ ಹಿಡಿದು ಬರುತ್ತದೆ. ಮೇಲೆ ಸಿಹಿನೀರು ತೇಲುತ್ತಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುದ್ರುವಿನ ರೈತರೊಬ್ಬರು ಬೊಗಸೆ ನೀರು ಬಾಯಿಗೆ ಹಾಕಿ, "ಉಪ್ಪಿಲ್ಲ ಮಾರಾಯ್ರೆ" ಎಂದರು. ನಾನೂ ರುಚಿ ನೋಡಿ, ಹೌದೆಂದೆ. ಅವರು ಸುಗ್ಗಿ ಬೆಳೆಯ ಸಸಿಮಡಿಗೆ ಪಂಪು ಹಚ್ಚಿದರು. ಪಂಪಿನ ಫುಟ್‌ವಾಲ್ವ್ ಇದ್ದದ್ದು ಹೊಳೆಯ ತಳದಲ್ಲಿ! ಕೆಲವೇ ದಿನಗಳಲ್ಲಿ ಸಸಿಗಳ ತುದಿ ಸುಟ್ಟಿತು. ಹೊಸದಾಗಿ ಬಿತ್ತಲು ಅವರಲ್ಲಿ ಬೀಜ ಉಳಿದಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ:

1. ನೀರನ್ನು ಮೇಲಿನಿಂದ ಮೊಗೆದು ಪರೀಕ್ಷಿಸಬೇಡಿ. ಬಿರಡೆ ಹಾಕಿದ ಬಾಟಲಿಗೆ ಕಲ್ಲು ಕಟ್ಟಿ, ಉಬ್ಬರದ ಹೊತ್ತಿನಲ್ಲಿ ತಳಕ್ಕೆ ಇಳಿಸಿ. ಬಿರಡೆಗೆ ಕಟ್ಟಿದ ಹಗ್ಗ ಎಳೆದರೆ ತಳದ ನೀರೇ ತುಂಬುತ್ತದೆ. ಅನುಮಾನವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

2. ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 2 ಡೆಸಿಸೀಮನ್ಸ್ ದಾಟಿದರೆ ಭತ್ತಕ್ಕೆ ಹಾಯಿಸಬೇಡಿ. ಸಸಿಯಾಗಿದ್ದಾಗ ಮತ್ತು ಹೂವಾಡುವಾಗ ಭತ್ತ ಉಪ್ಪನ್ನು ತಾಳಲಾರದು.

3. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಹೊಳೆಯಲ್ಲಿ ಸಿಹಿನೀರಿನ ಹರಿವು ಇನ್ನೂ ಇರುವಾಗಲೇ, ಇಳಿತದ ಹೊತ್ತಿಗೆ ಹಾಕಿ. ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ಜಡಿಯಿರಿ. ತಡ ಮಾಡಿದರೆ ಉಪ್ಪು ನೀರನ್ನೇ ಕಟ್ಟಿಟ್ಟಂತಾಗುತ್ತದೆ. ಮಳೆಗಾಲಕ್ಕೆ ಮುನ್ನ ತಪ್ಪದೆ ತೆಗೆಯಿರಿ.

4. ಗದ್ದೆಗೆ ಉಪ್ಪು ನುಗ್ಗಿದ್ದರೆ ಬೇಸಿಗೆಯಲ್ಲೇ ಉತ್ತುಬಿಡಿ. ಮೊದಲ ಮಳೆಗಳ ನೀರನ್ನು ನಿಲ್ಲಿಸಿ, ಇಳಿತದಲ್ಲಿ ಹೊರಗೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಉಪ್ಪು ತೊಳೆದುಹೋಗುತ್ತದೆ.

ಹಲಗೆ ಹಾಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಕಿಂಡಿ ಬಿಟ್ಟುಹೋದರೂ ಇಡೀ ಬೈಲಿಗೆ ನಷ್ಟ. ಮುಂದಿನ ಹುಣ್ಣಿಮೆಗೆ ನೆರೆಕರೆಯವರನ್ನೂ ಕರೆದುಕೊಂಡು ಅಳಿವೆಗೆ ಹೋಗಿ ಬನ್ನಿ. ಉಬ್ಬರ ಏರುವುದನ್ನು ಕಣ್ಣಾರೆ ಕಂಡವರು ಹಲಗೆಯ ಕೆಲಸವನ್ನು ನಾಳೆಗೆ ಮುಂದೂಡಲಾರರು.