ಬಿಸಿಲ ನಾಡಿನ ಹಿತ್ತಲಿಗೆ ಯಾವ ಕೋಳಿ? ಯಾವ ಕಾಳು?

ಕೊಪ್ಪಳವಾಗಲಿ ಗಂಗಾವತಿಯಾಗಲಿ, ಕುಷ್ಟಗಿಯಾಗಲಿ ಯಲಬುರ್ಗಾ ಆಗಲಿ, ಬ್ಯಾಸಗಿ ಕಳೆದ ಮೇಲೆ ಸಂತೆಯಲ್ಲಿ ಕೇಳುವ ಮಾತು ಒಂದೇ: "ಮರಿ ತಂದಿದ್ವಿ ರೀ, ಚಲೋ ಬೆಳದಿದ್ವು. ಮೇ ತಿಂಗಳದಾಗ ಒಂದೊಂದಽ ಬಿದ್ದು ಹೋದ್ವು." ದೂರೆಲ್ಲ ಬಿಸಿಲಿನ ಮೇಲೆ. ಆದರೆ ಅದೇ ಬಿಸಿಲಿನಲ್ಲಿ ಪಕ್ಕದ ಮನೆಯ ಜವಾರಿ ಹ್ಯಾಟೆ ಬೇಲಿಯ ನೆರಳಿನಲ್ಲಿ ಮಣ್ಣು ಕೆದರುತ್ತ ಆರಾಮವಾಗಿ ಇರುತ್ತದಲ್ಲ! ಹಾಗಾದರೆ ತಪ್ಪು ಬಿಸಿಲಿನದೋ, ಆರಿಸಿಕೊಂಡವರದೋ?

ಕೋಳಿಗೆ ನಮ್ಮ ಹಾಗೆ ಬೆವರುವುದು ಗೊತ್ತಿಲ್ಲ. ಬೆವರಿನ ಗ್ರಂಥಿಯೇ ಅದಕ್ಕಿಲ್ಲ. ಅದರ ಮೈಯ ಉಷ್ಣತೆ ಸುಮಾರು ೪೧ ಡಿಗ್ರಿ. ಹೊರಗಿನ ಗಾಳಿಯೂ ೪೦ಕ್ಕೆ ಬಂದು ನಿಂತರೆ ಒಳಗಿನ ಕಾವು ಹೋಗುವುದಾದರೂ ಎಲ್ಲಿಗೆ? ಆಗ ಉಳಿಯುವ ದಾರಿ ಬಾಯಿ ತೆರೆದು ಏದುವುದು. ಹೀಗೆ ಏದುವ ಕೋಳಿ ಮೇವು ಬಿಡುತ್ತದೆ, ತತ್ತಿ ಕಡಿಮೆ ಮಾಡುತ್ತದೆ, ಇಟ್ಟ ತತ್ತಿಯ ಚಿಪ್ಪು ತೆಳ್ಳಗಾಗುತ್ತದೆ. ಮೈ ದೊಡ್ಡದಾದಷ್ಟೂ ಈ ಕಷ್ಟ ಹೆಚ್ಚು. ಬಿಸಿಲ ಸೀಮೆಯಲ್ಲಿ ಕೋಳಿ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇಷ್ಟೇ: ತೂಕದ ಆಸೆಗೆ ಬಿದ್ದರೆ ಬ್ಯಾಸಗಿಯಲ್ಲಿ ಬೆಲೆ ತೆರಬೇಕಾಗುತ್ತದೆ.

ಬುಟ್ಟಿಯ ಬಣ್ಣದ ಮರಿ

ಬಸ್ ನಿಲ್ದಾಣದ ಹೊರಗೆ, ಸಂತೆಯ ಬಾಯಲ್ಲಿ ಹಸಿರು, ಗುಲಾಬಿ ಬಣ್ಣ ಬಳಿದ ಮರಿಗಳ ಬುಟ್ಟಿ ಕಾಣದವರಿಲ್ಲ. ಮಕ್ಕಳು ಹಟ ಹಿಡಿಯುತ್ತವೆ, ತಾಯಂದಿರು ನಾಲ್ಕು ಮರಿ ಕೊಳ್ಳುತ್ತಾರೆ. ಇವು ಎಲ್ಲಿಂದ ಬರುತ್ತವೆ? ತತ್ತಿ ಫಾರಂಗಳಿಗೆ ಹುಂಜ ಬೇಕಿಲ್ಲ. ಹ್ಯಾಚರಿಯಲ್ಲಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಹುಂಜವೇ. ಬೇಡವಾದ ಆ ಹುಂಜಗಳೇ ಬಹುಪಾಲು ಬಣ್ಣ ಬಳಿಸಿಕೊಂಡು ಬುಟ್ಟಿ ಸೇರುತ್ತವೆ. ತತ್ತಿ ಅಂತೂ ಇಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಅಗ್ಗದ ಮರಿ ತುಟ್ಟಿ ಬೀಳುವುದು ಹೀಗೆ.

ಬ್ರಾಯ್ಲರ್ ಮರಿ ತಂದು ಹಿತ್ತಲಿಗೆ ಬಿಡುವುದೂ ಅಷ್ಟೇ ವ್ಯರ್ಥ. ಆರು ವಾರಕ್ಕೆ ಎರಡು ಕಿಲೋ ತೂಗಲೆಂದು ಹುಟ್ಟಿಸಿದ ಜೀವ ಅದು. ಕೆದರಿ ತಿನ್ನುವ ಗೋಜಿಗೆ ಅದು ಹೆಚ್ಚು ಹೋಗುವುದಿಲ್ಲ. ಮೊದಲ ಬಿರುಬಿಸಿಲಿಗೇ ಕಾಲು ಚಾಚುತ್ತದೆ.

ಜವಾರಿಯೋ, ಗಿರಿರಾಜವೋ?

ಜವಾರಿ ಕೋಳಿ ವರ್ಷಕ್ಕೆ ಇಡುವುದು ಅರವತ್ತರ ಆಸುಪಾಸು ತತ್ತಿ. ಲೆಕ್ಕಕ್ಕೆ ಕಡಿಮೆಯೇ. ಆದರೆ ಅದು ಕಾವಿಗೆ ಕೂಡುತ್ತದೆ, ೨೧ ದಿನಕ್ಕೆ ಮರಿ ಎಬ್ಬಿಸುತ್ತದೆ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ. ಹಗುರ ಮೈ, ಉದ್ದ ಕಾಲು. ಬಿಸಿಲಿಗೆ ಹೊಂದಿಕೊಂಡ ಮೈಕಟ್ಟು ಅದು. ಅಲ್ಲಲ್ಲಿ ಕಾಣುವ ಬೋಳು ಕುತ್ತಿಗೆಯ ಕೋಳಿಯನ್ನು ನೋಡಿ ನಗುವವರುಂಟು. ಪುಕ್ಕ ಕಡಿಮೆ ಇದ್ದಷ್ಟೂ ಮೈಯ ಕಾವು ಸಲೀಸಾಗಿ ಹೊರಬೀಳುತ್ತದೆ. ನಗುವ ಬದಲು ಅಂಥದೊಂದು ಮನೆಯಲ್ಲಿದ್ದರೆ ಅದರ ತತ್ತಿಯನ್ನು ಕಾವಿಗೆ ಇಡುವುದು ಜಾಣತನ.

ಗಿರಿರಾಜ ತಳಿ ೧೯೮೯ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ, ಹೆಬ್ಬಾಳದಲ್ಲಿ ಹೊರಬಂತು. ಬಣ್ಣಬಣ್ಣದ ಪುಕ್ಕ, ಒಳ್ಳೆಯ ತೂಕ, ವರ್ಷಕ್ಕೆ ೧೩೦ರಿಂದ ೧೫೦ ತತ್ತಿ. ಆಮೇಲೆ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ೨೦೦೫ರಲ್ಲಿ ಸ್ವರ್ಣಧಾರ ತಳಿ ಕೊಟ್ಟಿತು. ಇದು ಗಿರಿರಾಜಕ್ಕಿಂತ ಮೈಯಲ್ಲಿ ಹಗುರ, ತತ್ತಿಯಲ್ಲಿ ಮುಂದೆ: ಚಲೋ ಮೇವು ಸಿಕ್ಕರೆ ೧೮೦ರ ಹತ್ತಿರ. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ತಳಿಗಳೂ ಈ ಕಡೆಗೆ ಪರಿಚಿತ. ಇವೆರಡರಲ್ಲಿ ವನರಾಜ ತೂಕದ ಕಡೆಗೆ, ಗ್ರಾಮಪ್ರಿಯ ತತ್ತಿಯ ಕಡೆಗೆ.

ಇಲ್ಲೊಂದು ಗಂಟಿದೆ. ಗಿರಿರಾಜ ಕಾವಿಗೆ ಕೂಡುವುದಿಲ್ಲ. ಮಿಶ್ರತಳಿಯಾದ್ದರಿಂದ ಅದರ ತತ್ತಿಯಿಂದ ಮರಿ ಮಾಡಿಸಿದರೂ ತಾಯಿಯ ಗುಣ ಪೂರ್ತಿ ಇಳಿಯುವುದಿಲ್ಲ. ಪ್ರತಿ ಸಲ ಹೊಸ ಮರಿ ಕೊಳ್ಳಲೇಬೇಕು. ಆದ್ದರಿಂದ ಹತ್ತು ಕೋಳಿ ಸಾಕುವ ಮನೆಗೆ ಒಂದು ಹಂಚಿಕೆ: ಆರು ಸ್ವರ್ಣಧಾರ ಇಲ್ಲವೆ ಗ್ರಾಮಪ್ರಿಯ ತತ್ತಿಗೆ, ಮೂರು ಜವಾರಿ ಹ್ಯಾಟೆ, ಒಂದು ಜವಾರಿ ಹುಂಜ ಮರಿಗೆ. ಒಂದು ಕೈಕೊಟ್ಟರೆ ಇನ್ನೊಂದು ಮನೆ ಹಿಡಿಯುತ್ತದೆ. ಗಿರಿರಾಜವೇ ಬೇಕೆನ್ನುವವರು ಮಳೆಗಾಲದಲ್ಲಿ ಮರಿ ತಂದು, ಬಿಸಿಲೇರುವ ಮೊದಲೇ ಹುಂಜಗಳನ್ನು ಮಾರಿಬಿಡುವುದು ಒಳ್ಳೆಯದು.

ತಾಲ್ಲೂಕಿಗೆ ತಕ್ಕ ಮೇವು

ಮೇವಿನ ಮಾತಿಗೆ ಬಂದರೆ ನಾಲ್ಕು ತಾಲ್ಲೂಕಿಗೂ ಒಂದೇ ಪಾಠ ಹೇಳಲಾಗದು. ಗಂಗಾವತಿಯದು ತುಂಗಭದ್ರೆಯ ಎಡದಂಡೆ ಕಾಲುವೆಯ ನಾಡು. ಅಲ್ಲಿ ಭತ್ತ, ಅಕ್ಕಿ ಗಿರಣಿ, ನುಚ್ಚು, ತೌಡು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಜೋಳ, ಸಜ್ಜೆ, ಸೂರ್ಯಕಾಂತಿ. ಕೊಪ್ಪಳಕ್ಕೆ ಎರಡೂ ಉಂಟು. ಕೈಗೆ ಸಿಕ್ಕುವುದನ್ನು ಬಿಟ್ಟು ದೂರದ ಚೀಲ ಹೊತ್ತು ತಂದರೆ ತತ್ತಿಯ ಲಾಭ ಚೀಲಕ್ಕೇ ಹೋಯಿತು.

ಆದರೆ ಬರೀ ಕಾಳು ಚೆಲ್ಲಿದರೂ ಆಗದು. ತತ್ತಿ ಇಡುವ ಕೋಳಿಯ ಮೇವಿನಲ್ಲಿ ನೂರಕ್ಕೆ ೧೬–೧೭ ಪಾಲು ಪ್ರೋಟೀನ್ ಇರಬೇಕು. ಜೋಳ, ಸಜ್ಜೆಯಲ್ಲಿ ೧೦–೧೧, ಅಕ್ಕಿ ನುಚ್ಚಿನಲ್ಲಿ ೮ರ ಸುಮಾರು. ಕೊರತೆ ತುಂಬುವುದು ಶೇಂಗಾ ಹಿಂಡಿ. ಅದರಲ್ಲಿ ೪೦ರ ಮೇಲಿದೆ.

ಹತ್ತು ಕಿಲೋ ಮೇವಿನ ಲೆಕ್ಕ ಹೀಗೆ. ಕುಷ್ಟಗಿ, ಯಲಬುರ್ಗಾ ಕಡೆ: ಒಡೆದ ಸಜ್ಜೆ ಅಥವಾ ಜೋಳ ಐದೂವರೆ ಕಿಲೋ, ತೌಡು ಒಂದೂವರೆ ಕಿಲೋ, ಶೇಂಗಾ ಹಿಂಡಿ ಎರಡು ಕಿಲೋ ೨೦೦ ಗ್ರಾಂ. ಗಂಗಾವತಿ ಕಡೆ: ಅಕ್ಕಿ ನುಚ್ಚು ನಾಲ್ಕು ಕಿಲೋ, ತೌಡು ಎರಡೂವರೆ ಕಿಲೋ, ಹಿಂಡಿ ಎರಡು ಕಿಲೋ ೭೦೦ ಗ್ರಾಂ. ಎರಡಕ್ಕೂ ಸುಣ್ಣದ ಕಲ್ಲಿನ ಪುಡಿ ಇಲ್ಲವೆ ಚಿಪ್ಪಿನ ಪುಡಿ ೬೦೦ ಗ್ರಾಂ, ಖನಿಜ ಮಿಶ್ರಣ ೨೦೦ ಗ್ರಾಂ. ಉಪ್ಪು ೩೦ ಗ್ರಾಂ ಮೀರುವುದು ಬೇಡ. ಗೋಡೆಗೆ ಬಳಿಯುವ ಸುಣ್ಣ ಹಾಕೀರಿ ಜೋಕೆ, ಬಾಯಿ ಸುಟ್ಟೀತು!

ಹೊರಗೆ ಅಡ್ಡಾಡಿ ಮೇಯುವ ಹತ್ತು ಕೋಳಿಗೆ ದಿನಕ್ಕೆ ಇದು ಅರ್ಧ ಕಿಲೋದಿಂದ ೬೦೦ ಗ್ರಾಂ ಸಾಕು. ಉಳಿದದ್ದನ್ನು ತಿಪ್ಪೆಯೂ ಬೇಲಿಯೂ ಕೊಡುತ್ತವೆ. ಅಕ್ಕಿ ನುಚ್ಚು, ಬಿಳಿಜೋಳ ತಿಂದ ಕೋಳಿಯ ತತ್ತಿಯಲ್ಲಿ ಹಳದಿ ಭಂಡಾರ ಮಂಕಾಗಿರುತ್ತದೆ. ನುಗ್ಗೆ ಸೊಪ್ಪು, ಕುದುರೆ ಮೆಂತೆ ಹಾಕಿದರೆ ಬಣ್ಣ ಬರುತ್ತದೆ.

ಕಿರಾಣಿ ಅಂಗಡಿಯವರು ಗಮನಿಸಬೇಕಾದ ಮಾತೂ ಇದೆ. ಬೂಸ್ಟು ಹತ್ತಿದ ಶೇಂಗಾ ಹಿಂಡಿ, ಕಪ್ಪಾದ ಜೋಳವನ್ನು "ಕೋಳಿಗೆ ಆಗ್ತದ ಬಿಡ್ರಿ" ಎಂದು ತೂಗಿ ಕೊಡುವ ರೂಢಿ ಬಿಡಬೇಕು. ಆ ಬೂಸ್ಟಿನ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಸಾವು ತಿಂಗಳ ಮೇಲೆ ಬಂದರೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ಬ್ಯಾಸಗಿಯಲ್ಲಿ ತೌಡು ಬೇಗ ಕಮಟುತ್ತದೆ. ಎರಡು ವಾರಕ್ಕೆ ಬೇಕಾದಷ್ಟೇ ಕೊಳ್ಳಬೇಕು. ಎಮ್ಮೆಗೆ ಹಾಕುವ ಹತ್ತಿಕಾಳ ಹಿಂಡಿ, ಯೂರಿಯಾ ಬೆರೆತ ದನದ ಮೇವು ಕೋಳಿಯ ಮುಂದೆ ಇಡಲೇಬಾರದು.

ಹೊತ್ತು ನೋಡಿ ಹಾಕಿ

ಏನು ಹಾಕಿದಿರಿ ಎನ್ನುವಷ್ಟೇ ಮುಖ್ಯ, ಯಾವಾಗ ಹಾಕಿದಿರಿ ಎನ್ನುವುದು. ಮೇವು ಅರಗುವಾಗ ಮೈಯಲ್ಲಿ ಕಾವು ಹುಟ್ಟುತ್ತದೆ. ಮಧ್ಯಾಹ್ನ ಹೊಟ್ಟೆ ತುಂಬಿಸಿದರೆ ಹೊರಗಿನ ಬೆಂಕಿಗೆ ಒಳಗಿನ ಬೆಂಕಿ ಕೂಡುತ್ತದೆ. ಹೊತ್ತು ಮೂಡುವ ಮೊದಲು ಒಂದು ಸಲ, ಬಿಸಿಲಿಳಿದ ಮೇಲೆ ಒಂದು ಸಲ ಹಾಕಿದರಾಯಿತು. ನೀರು ಮಾತ್ರ ದಿನವಿಡೀ ಇರಬೇಕು. ಸಾಮಾನ್ಯ ದಿನಗಳಲ್ಲಿ ಕೋಳಿ ತಿಂದ ಮೇವಿನ ಎರಡು ಪಟ್ಟು ತೂಕದ ನೀರು ಕುಡಿಯುತ್ತದೆ, ಬ್ಯಾಸಗಿಯಲ್ಲಿ ಇನ್ನೂ ಹೆಚ್ಚು. ಪ್ಲಾಸ್ಟಿಕ್ ಡಬ್ಬಿಯ ಬದಲು ಮಣ್ಣಿನ ಪಾತ್ರೆ, ಅದೂ ನೆರಳಿನಲ್ಲಿ. ತಗಡಿನ ಗೂಡಿದ್ದರೆ ಮೇಲೆ ಜೋಳದ ದಂಟು ಹರವಿ ನೀರು ಚಿಮುಕಿಸಿದರೆ ಒಳಗೆ ಉಸಿರಾಡಬಹುದು.

ಬಸ್ಸಿನಲ್ಲಿ ಮರಿ ಒಯ್ಯುವವರಿಗೂ ಇದೇ ಮಾತು. ಕೋಳಿಗೂ ಅರ್ಧ ಟಿಕೆಟ್ ಹರಿದ ಸುದ್ದಿಗಳು ರಾಜ್ಯದಲ್ಲಿ ಆಗಾಗ ಬಂದದ್ದುಂಟು. ಟಿಕೆಟ್ ಕೊಂಡ ಮೇಲೂ ಡಬ್ಬಿಯನ್ನು ಇಂಜಿನ್ ಪಕ್ಕದಲ್ಲಿಟ್ಟರೆ ಮರಿ ಊರು ಸೇರುವುದಿಲ್ಲ. ತೂತು ಮಾಡಿದ ಡಬ್ಬಿ ಇರಲಿ, ಬೆಳಗಿನ ಬಸ್ಸು ಹಿಡಿಯಿರಿ.

ಲಸಿಕೆಗೆ ಹತ್ತು ಮನೆ ಕೂಡಲಿ

ತಳಿ ಚಲೋ ಆರಿಸಿ, ಮೇವು ತೂಗಿ ಹಾಕಿದರೂ ಕೊಕ್ಕರೆ ರೋಗ ಬಂದರೆ ವಾರದಲ್ಲಿ ಹಿತ್ತಲು ಖಾಲಿ. ಇದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ಗತಿ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರ ಚುಚ್ಚುಮದ್ದು, ಆಮೇಲೆ ಆರು ತಿಂಗಳಿಗೊಮ್ಮೆ.

ತೊಡಕು ಬೇರೆಯೇ. ಲಸಿಕೆಯ ಶೀಷೆ ಸಾಮಾನ್ಯವಾಗಿ ನೂರು ಕೋಳಿಯ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಕಲಸಿದರೆ ಎರಡು ತಾಸಿನೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಬರ್ಫದಲ್ಲಿಡಬೇಕು. ಎಂಟು ಕೋಳಿಯ ಒಬ್ಬ ಅಜ್ಜಿಗಾಗಿ ಶೀಷೆ ಒಡೆಯುವವರು ಯಾರು? ಓಣಿಯ ಹತ್ತು ಮನೆ ಒಂದಾಗಿ, ದಿನ ಗೊತ್ತುಮಾಡಿ ಪಶು ಆಸ್ಪತ್ರೆಗೆ ಹೇಳಿದರೆ ಕೆಲಸ ಒಂದು ಮುಂಜಾನೆಯದು. ಇನ್ನೊಂದು ಮಾತು: ಮನೆಯಲ್ಲಿ ರೋಗ ಬಿದ್ದಾಗ ಉಳಿದ ಕೋಳಿಗಳನ್ನು ಗಡಿಬಿಡಿಯಿಂದ ಸಂತೆಗೆ ಒಯ್ಯುವವರು ಊರಿಗೆ ಊರನ್ನೇ ಕೆಡಿಸುತ್ತಾರೆ.

ಇದೆಲ್ಲ ಸಣ್ಣ ಮಾತು ಎನ್ನುವವರಿಗೆ ಒಂದು ನೆನಪು. ಶಾಲೆಯ ಮಕ್ಕಳಿಗೆ ತತ್ತಿ ಕೊಡುವ ಯೋಜನೆಯನ್ನು ಸರ್ಕಾರ ೨೦೨೧ರ ಡಿಸೆಂಬರಿನಲ್ಲಿ ಮೊದಲು ಶುರು ಮಾಡಿದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಈ ಕಡೆಯ ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚೆಂಬುದೇ ಅದಕ್ಕೆ ಕಾರಣ. ಶಾಲೆಯ ತತ್ತಿ ಶಾಲೆ ನಡೆಯುವ ದಿನಗಳಿಗೆ. ಬ್ಯಾಸಗಿಯ ರಜೆಯಲ್ಲಿ ಮಗುವಿನ ತಾಟಿಗೆ ತತ್ತಿ ಬರಬೇಕಾದದ್ದು ಹಿತ್ತಲಿನಿಂದ. ತತ್ತಿ ಮಾರಿದ ರೊಕ್ಕವೂ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳ ಕೈಯದು. ಉಪ್ಪು, ಎಣ್ಣೆ, ಪಾಟಿ, ಪುಸ್ತಕಕ್ಕೆ ಆಗುವಂಥದು.

ಬುಟ್ಟಿಯವನ ಮುಂದೆ ನಿಂತಾಗ ದರ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿರಿ: ತಳಿ ಯಾವುದು? ಎಷ್ಟು ದಿನದ ಮರಿ? ಯಾವ ಲಸಿಕೆ ಆಗಿದೆ? ಮೂರಕ್ಕೂ ಸರಿಯಾದ ಉತ್ತರ ಬಾರದಿದ್ದರೆ ರೊಕ್ಕ ಕಿಸೆಯಲ್ಲೇ ಇರಲಿ, ಬಸ್ಸು ಹತ್ತಿರಿ.